ಪೊಲಾಕ್ ಮತ್ತು ನಮ್ಮ ಬಾಲ್ಕನಿ

ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ಚಿತ್ರ ನೋಡಿ "ಇಷ್ಟೇನಾ? ಯಾರು ಬೇಕಾದ್ರೂ ಮಾಡ್ತಾರೆ" ಎಂದರು ನಮ್ಮ ಯಜಮಾನರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾನುವಾರ ಹಾರ್ಡ್‌ವೇರ್ ಅಂಗಡಿಯಿಂದ ಎನಾಮೆಲ್ ಪೇಂಟ್, ಅದನ್ನು ತೆಳು ಮಾಡುವ ಟರ್ಪೆಂಟೈನ್ ಹೊತ್ತು ತಂದರು.

ಡಬ್ಬವೇನೋ ಸರಿಯಾದದ್ದೇ. ಪೊಲಾಕ್ ಕೂಡ ಕಲಾವಿದರ ಟ್ಯೂಬ್ ಬಣ್ಣ ಪಕ್ಕಕ್ಕಿಟ್ಟು ಮನೆಗೆ ಬಳಿಯುವ ಎನಾಮೆಲ್ ಹಿಡಿದವನು. 1947ರಿಂದ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನ ಸ್ಪ್ರಿಂಗ್ಸ್‌ನಲ್ಲಿ, ಮನೆ ಪಕ್ಕದ ಹಳೇ ಶೆಡ್‌ನಲ್ಲಿ ಕ್ಯಾನ್ವಾಸ್ ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತಾ ಕಡ್ಡಿಯಿಂದ ಬಣ್ಣ ಇಳಿಬಿಡುತ್ತಿದ್ದ. ಕಡ್ಡಿ ಬಟ್ಟೆಗೆ ತಾಗಬಾರದು. ಬಣ್ಣದ ಎಳೆ ಗಾಳಿಯಲ್ಲೇ ಬಂದು ಕೂರಬೇಕು.

ಕಷ್ಟ ಇರುವುದೇ ಅಲ್ಲಿ. ಬಣ್ಣ ತೀರಾ ತೆಳುವಾದರೆ ಎಳೆ ತುಂಡಾಗಿ ಹನಿ ಉದುರುತ್ತೆ. ಗಟ್ಟಿ ಬಣ್ಣಕ್ಕೆ ಕೈ ನಿಧಾನವಾದರೆ ಸುರುಳಿ ಸುತ್ತಿಕೊಳ್ಳುತ್ತೆ. ಇವರದು ಎರಡೂ ಆಯಿತು. ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ "ಹಿಟ್ಟು ನೀರಾಯ್ತು ಕಣೋ" ಅಂದರು. ದೋಸೆ ಹುಯ್ಯುವವರಿಗೆ ಹದ ಗೊತ್ತು, ಪೊಲಾಕ್ ಗೊತ್ತಿರಬೇಕಿಲ್ಲ.

"ಹಾಗಾದ್ರೆ ಫ್ರಾಂಕೆನ್‌ಥೇಲರ್ ಥರ ಮಾಡ್ತೀನಿ" ಎಂದು ಇವರು ಇನ್ನಷ್ಟು ಟರ್ಪೆಂಟೈನ್ ಸುರಿದರು. ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆನ್‌ಥೇಲರ್ 1952ರಲ್ಲಿ 'ಮೌಂಟನ್ಸ್ ಅಂಡ್ ಸೀ' ಮಾಡಿದ್ದು ಹಾಗೇ. ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಬಳಿಯುವ ಲೇಪ, ಹಾಕದ ಬಟ್ಟೆಗೆ ತೆಳು ಮಾಡಿದ ಎಣ್ಣೆಬಣ್ಣ ಸುರಿದರೆ ಅದು ಮೇಲೆ ಕೂರದೆ ಒಳಗೇ ಇಳಿಯುತ್ತೆ. ಚೆಂದ ಅಂದ್ರೆ ಚೆಂದ. ಆದರೆ ಪ್ರೈಮರ್ ಇಲ್ಲದ ಬಟ್ಟೆಯನ್ನು ಎಣ್ಣೆ ವರ್ಷಗಳು ಕಳೆದಂತೆ ತಿಂದುಹಾಕುತ್ತೆ. ನಮ್ಮಲ್ಲಿ ಅಷ್ಟು ಕಾಯಬೇಕಾಗಲಿಲ್ಲ. ಹಾಸಿದ್ದು ನನ್ನ ಕಾಟನ್ ಬೆಡ್‌ಶೀಟ್. ಬಣ್ಣ ಅರ್ಧ ಗಂಟೆಯಲ್ಲಿ ಅದನ್ನು ದಾಟಿ ಬಾಡಿಗೆ ಮನೆಯ ಟೈಲ್ಸ್ ಸಂದಿ ಸೇರಿತು.

ಒರೆಸಲು ಹಾಕಿದ ನ್ಯೂಸ್‌ಪೇಪರ್ ಅಂಟಿಕೊಂಡಿತು. ಅದಕ್ಕೂ ಉತ್ತರ ರೆಡಿ. ಚಿತ್ರಕಾರ ವಿಲೆಮ್ ಡಿ ಕೂನಿಂಗ್, ಬಣ್ಣ ಬೇಗ ಒಣಗದಿರಲಿ ಎಂದು ಪೇಪರ್ ಹೊದಿಸುತ್ತಿದ್ದನಂತೆ. 'ಗಾಥಮ್ ನ್ಯೂಸ್' ಚಿತ್ರದಲ್ಲಿ ಅದರ ಅಕ್ಷರಗಳು ಹಾಗೇ ಉಳಿದಿವೆಯಂತೆ. ಇವರ ಚಿತ್ರದಲ್ಲಿ ಉಳಿದದ್ದು ವೃಶ್ಚಿಕ ರಾಶಿಯ ಭವಿಷ್ಯ, ಅದೂ ತಿರುಗುಮುರುಗಾಗಿ.

"ಸ್ಕೂಟರ್ ಕೀ ಎಲ್ಲಿ?" ಎಂದೆ, ಸೋಮವಾರ ಬೆಳಗ್ಗೆ.

"ಪೊಲಾಕ್‌ನ 'ಫುಲ್ ಫ್ಯಾದಮ್ ಫೈವ್'ನಲ್ಲೂ ಮೊಳೆ, ಗುಂಡಿ, ಕೀ ಎಲ್ಲಾ ಇದೆ ಕಣೇ" ಎಂದರು. ನನಗೆ ಅರ್ಥವಾಯಿತು. ದೋಸೆ ಮಗುಚುವ ಕೈಯಿಂದ ಕೆರೆದು ತೆಗೆದೆವು. ಅತ್ತೆ ಈಗ ಹೊಸದು ಕೇಳುತ್ತಿದ್ದಾರೆ, ಸ್ಟೀಲಿನದೇ ಆಗಬೇಕಂತೆ, ಮಗನ ಕೈಗೆ ಸಿಗದ ಕಡೆ ಮೊಳೆ ಹೊಡೆದು ನೇತುಹಾಕಿಯೂ ಕೊಡಬೇಕಂತೆ.