ಪಕ್ಕದ ಕುರ್ಚಿಯಲ್ಲಿ ಆರು ವರ್ಷ

ಆರು ವರ್ಷ ನಮ್ಮ ಶಾಲೆಯಲ್ಲಿ ಶಿಕ್ಷಕರ ಸಂಘದ ಪ್ರತಿನಿಧಿಯಾಗಿದ್ದೆ. ಹೋದ ವಾರ ಆ ಕೆಲಸವನ್ನು ಕಿರಿಯ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆ. "ಸರ್, ನಾನು ನಿಜವಾಗಿ ಮಾಡಬೇಕಾದ್ದೇನು?" ಎಂದು ಕೇಳಿದರು. ಹಳೇ ಫೈಲು ಕೈಗೆ ಕೊಟ್ಟು ನಕ್ಕು ಸುಮ್ಮನಾದೆ. ಉತ್ತರ ಮನೆಗೆ ಬಂದ ಮೇಲೆ ಹೊಳೆಯಿತು.

ನಾನು ಇದಕ್ಕೆ ಸಿಕ್ಕಿಕೊಂಡಿದ್ದೇ ಒಂದು ತಮಾಷೆ. ಸಭೆಯಲ್ಲಿ "ಯಾರು ಆಗ್ತೀರಿ?" ಎಂದಾಗ ಎಲ್ಲರೂ ನೆಲ ನೋಡುತ್ತಿದ್ದರಂತೆ. ತಡವಾಗಿ ಬಂದ ನಾನು ಏನಾಗುತ್ತಿದೆ ಅಂತ ತಲೆ ಎತ್ತಿ ನೋಡಿದೆ. ಅಲ್ಲಿಗೆ ಅವಿರೋಧ ಆಯ್ಕೆ!

ಮೊದಲ ವರ್ಷ ಬರೀ ಗಲಾಟೆ ಮಾಡಿದೆ. ರಜೆ ಹಾಕಿದವರ ಪೀರಿಯಡ್‌ಗಳನ್ನು ಯಾರ ಮೇಲಾದರೂ ಹೊರಿಸಿದರೆ ಸೀದಾ ಹೆಡ್‌ಮಾಸ್ಟರ್ ರೂಮಿಗೆ ನುಗ್ಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಬೆನ್ನು ತಟ್ಟುತ್ತಿದ್ದರು. ಟೈಮ್‌ಟೇಬಲ್ ಮಾತ್ರ ಹಾಗೇ ಇರುತ್ತಿತ್ತು. ಒಂದು ದಿನ ಹಿರಿಯ ಮೇಡಂ ಒಬ್ಬರು ಕರೆದು, "ನಿಮ್ಮ ದನಿ ಕಾರಿಡಾರ್ ತುದಿವರೆಗೂ ಕೇಳತ್ತೆ. ಯಾರಿಗೆ ಎಷ್ಟು ಪೀರಿಯಡ್ ಬಿದ್ದಿದೆ ಅಂತ ಬರ್ಕೊಂಡಿದ್ದೀರಾ?" ಎಂದರು. ಇರಲಿಲ್ಲ. ಆಮೇಲೆ ಒಂದು ತಿಂಗಳು ಪೂರ್ತಿ ಬರೆದಿಟ್ಟೆ. ಮೂವರಿಗೇ ಪದೇ ಪದೇ ಬೀಳುತ್ತಿತ್ತು. ಇಬ್ಬರಿಗೆ ಒಂದೂ ಬಿದ್ದಿರಲಿಲ್ಲ. ಆ ಹಾಳೆಯನ್ನು ಮಾತಿಲ್ಲದೆ ಹೆಡ್‌ಮಾಸ್ಟರ್ ಮೇಜಿನ ಮೇಲಿಟ್ಟೆ. "ಇದು ನನಗೂ ಗೊತ್ತಿರಲಿಲ್ಲ" ಎಂದರು. ಮರುವಾರವೇ ಬದಲಾಯಿತು. ಆ ಇಬ್ಬರು ಆಮೇಲೆ ನನ್ನ ಜೊತೆ ಸ್ವಲ್ಪ ದಿನ ಮಾತು ಬಿಟ್ಟಿದ್ದರು, ಅದು ಬೇರೆ ವಿಷಯ.

ಆದರೆ ಈ ಕೆಲಸ ಏನು ಅಂತ ನಿಜವಾಗಿ ಅರ್ಥವಾಗಿದ್ದು ಒಂದು ವಿಚಾರಣೆಯಲ್ಲಿ.

ಸಹೋದ್ಯೋಗಿಯೊಬ್ಬರಿಗೆ ಪತ್ರ ಬಂತು. ಪೋಷಕರ ದೂರಿದೆ, ನಾಳೆ ವಿಚಾರಣೆಗೆ ಬನ್ನಿ, ಅಷ್ಟೇ. ದೂರು ಏನು ಅಂತ ಇರಲಿಲ್ಲ. ಅವರ ಕೈ ನಡುಗುತ್ತಿತ್ತು. "ಸರ್, ನಾನು ಅಂಥವನಲ್ಲ ಅಂತ ನಿಮಗೆ ಗೊತ್ತಲ್ವಾ?" ಎಂದರು. "ನನಗೆ ಗೊತ್ತಿರೋದು ಮುಖ್ಯ ಅಲ್ಲ. ಮೊದಲು ದೂರಿನ ಪ್ರತಿ ಕೇಳೋಣ, ದಿನ ಮುಂದಕ್ಕೆ ಹಾಕಿಸೋಣ" ಎಂದೆ.

ಅವತ್ತು ರಾತ್ರಿ ಕೂತು ಓದಿದ್ದು 1966ರ ಒಂದು ದಾಖಲೆ. ಶಿಕ್ಷಕರ ಸ್ಥಾನಮಾನದ ಬಗ್ಗೆ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ತಂದ ಶಿಫಾರಸು. ಪ್ಯಾರಿಸ್‌ನಲ್ಲಿ ಅಕ್ಟೋಬರ್ 5ರಂದು ಅದಕ್ಕೆ ಒಪ್ಪಿಗೆ ಸಿಕ್ಕಿತು. 1994ರಿಂದ ಅದೇ ದಿನ ವಿಶ್ವ ಶಿಕ್ಷಕರ ದಿನ. ಶುಭಾಶಯ ಕಳಿಸುವ ನಮ್ಮಲ್ಲಿ ಎಷ್ಟು ಜನ ಆ ದಾಖಲೆ ಓದಿದ್ದೇವೆ? ಒಟ್ಟು 146 ಪ್ಯಾರಾ. 50ನೆಯದು ಶಿಸ್ತುಕ್ರಮದ್ದು. ಆರೋಪವನ್ನು ಬರಹದಲ್ಲಿ ತಿಳಿಸಬೇಕು, ಸಾಕ್ಷ್ಯವನ್ನು ಪೂರ್ತಿ ತೋರಿಸಬೇಕು, ತಯಾರಿಗೆ ಸಮಯ ಕೊಡಬೇಕು, ಶಿಕ್ಷಕರು ತಾವೇ ಆರಿಸಿದ ಪ್ರತಿನಿಧಿ ಅವರ ಪರವಾಗಿ ಮಾತಾಡಬಹುದು, ತೀರ್ಮಾನಕ್ಕೆ ಕಾರಣ ಹೇಳಬೇಕು, ಮೇಲ್ಮನವಿಗೆ ದಾರಿ ಇರಬೇಕು. ಶಿಫಾರಸಷ್ಟೇ, ಕಾನೂನಲ್ಲ. ಆದರೂ ಮರುದಿನ ಮಾತಾಡುವಾಗ ಕಾಲ ಕೆಳಗೆ ನೆಲ ಗಟ್ಟಿಯಿದೆ ಅನ್ನಿಸಿತು.

ದೂರಿನ ಪ್ರತಿ ಸಿಕ್ಕಿತು, ನಾಲ್ಕು ದಿನವೂ ಸಿಕ್ಕಿತು. ವಿಚಾರಣೆಯಲ್ಲಿ ನಾನು ಮಾತಾಡಿದ್ದು ಬಹಳ ಕಡಿಮೆ. ಪಕ್ಕದಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡೆ. ಅವರು ಗಾಬರಿಯಲ್ಲಿ ಕೇಳದೇ ಇದ್ದುದನ್ನೆಲ್ಲ ಹೇಳತೊಡಗಿದಾಗ ಹತ್ತು ನಿಮಿಷ ಬಿಡುವು ಕೇಳಿದೆ. ಹೊರಗೆ ನೀರು ಕುಡಿಸಿ, "ಕೇಳಿದ್ದಕ್ಕೆ ಮಾತ್ರ ಹೇಳಿ" ಎಂದೆ. ಕೊನೆಗೆ ದೂರಿನ ಒಂದು ಭಾಗ ನಿಜವಾಗಿತ್ತು. ಅವರು ಒಂದು ಮಗುವಿಗೆ ತರಗತಿಯ ಎದುರೇ ಆಡಬಾರದ ಮಾತು ಆಡಿದ್ದರು. ಬರಹದಲ್ಲಿ ಎಚ್ಚರಿಕೆ ಕೊಟ್ಟರು. ಅದರ ಜೊತೆ ಅಂಟಿಕೊಂಡು ಬಂದಿದ್ದ ಇನ್ನೆರಡು ಕಥೆಗಳಿಗೆ ಸಾಕ್ಷ್ಯವೇ ಇರಲಿಲ್ಲ, ಅವು ಬಿದ್ದುಹೋದವು.

ಸ್ಟಾಫ್ ರೂಮಿನಲ್ಲಿ ಕೆಲವರು "ಎಚ್ಚರಿಕೆ ಬಂತಲ್ಲ, ನೀವು ಹೋಗಿ ಏನು ಉಪಯೋಗ?" ಅಂದರು. ಪೋಷಕರೊಬ್ಬರು "ನಿಮ್ಮ ಸಂಘ ಕೆಟ್ಟ ಮೇಷ್ಟ್ರನ್ನೂ ಕಾಪಾಡುತ್ತೆ" ಅಂದರು. ಇಬ್ಬರೂ ನನ್ನನ್ನು ವಕೀಲ ಅಂದುಕೊಂಡಿದ್ದರು. ಆ ಮೇಷ್ಟ್ರು ಒಳ್ಳೆಯವರೋ ಕೆಟ್ಟವರೋ ಅಂತ ತೀರ್ಮಾನಿಸುವುದು ನನ್ನ ಕೆಲಸ ಅಲ್ಲ. ಮಾಡಿದ್ದಕ್ಕೆ ಮಾತ್ರ ಉತ್ತರ ಕೊಡುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಇನ್ನೊಂದು ಮಾತು: ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಗುಟ್ಟು ಕಾಯುತ್ತೇನೆ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತಿದ್ದೆ.

ಎಡವಿದ್ದೂ ಇದೆ. ಒಮ್ಮೆ ಇಬ್ಬರು ಶಿಕ್ಷಕರ ನಡುವೆಯೇ ಜಗಳ. ಒಬ್ಬರು ಇನ್ನೊಬ್ಬರ ಮೇಲೆ ದೂರು ಕೊಟ್ಟರು. ಇಬ್ಬರೂ ಸದಸ್ಯರು, ಇಬ್ಬರೂ ನನ್ನ ಹತ್ತಿರವೇ ಬಂದರು. ಸಂಘಕ್ಕೆ ಹೇಳಿ ಒಬ್ಬರಿಗೆ ಬೇರೆ ಶಾಲೆಯ ಪ್ರತಿನಿಧಿಯನ್ನು ಕರೆಸಬೇಕಿತ್ತು. ನಾನೇ ರಾಜಿ ಮಾಡಿಸುತ್ತೇನೆ ಅಂತ ಹೊರಟೆ. ಒಬ್ಬರ ಮಾತು ಕೇಳಿದ ಕಿವಿಯಲ್ಲಿ ಇನ್ನೊಬ್ಬರ ಮಾತು ಹೇಗೆ ಕೇಳಲಿ? ಇಬ್ಬರಿಗೂ ನಾನು ಎದುರು ಪಕ್ಷದವನಂತೆ ಕಂಡೆ. ಅವರಿಬ್ಬರೂ ಈಗ ಚೆನ್ನಾಗಿದ್ದಾರೆ. ಅವರಲ್ಲಿ ಒಬ್ಬರು ನನ್ನ ಜೊತೆ ಮಾತ್ರ ಇವತ್ತಿಗೂ ಮಾತಾಡುವುದಿಲ್ಲ.

ಪ್ರತಿನಿಧಿ ಅನ್ನುವ ಕಾರಣಕ್ಕೆ ಯಾರಿಗೂ ತೊಂದರೆ ಕೊಡಬಾರದು, ಕೆಲಸದಿಂದ ತೆಗೆಯಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1971ರ ಒಡಂಬಡಿಕೆಯೇ ಇದೆ. ಪ್ರತಿನಿಧಿಗೆ ಕೆಲಸ ಮಾಡಲು ಸೌಲಭ್ಯ ಕೊಡಬೇಕು ಅಂತಲೂ ಅದರಲ್ಲಿದೆ. ನನಗೆ ಸಿಕ್ಕ ಸೌಲಭ್ಯ ಸ್ಟಾಫ್ ರೂಮಿನ ಗೋಡೆಯ ಮೇಲೆ ನೋಟಿಸ್ ನೇತುಹಾಕಲು ಒಂದು ಮೊಳೆ. ಆ ವಿಚಾರಣೆಯ ಮರುವರ್ಷ ವಾರದ ಕೊನೆಯ ಪೀರಿಯಡ್‌ಗಳೆಲ್ಲ ನನಗೇ ಬಂದವು. ಸುಮ್ನೆ ಹಾಗಾಗಿರಬಹುದು. ಅದನ್ನೂ ಬರೆದಿಟ್ಟೆ.

ಇವತ್ತು ಬೆಳಿಗ್ಗೆ ಹೊಸ ಪ್ರತಿನಿಧಿ ಫೋನ್ ಮಾಡಿದ್ದರು. ನಾಳೆ ಅವರು ಪ್ರತಿನಿಧಿಯಾಗಿ ಕೂರುವ ಮೊದಲ ವಿಚಾರಣೆ. "ಸರ್, ನಾನು ಎಲ್ಲಿ ಕೂರಬೇಕು?" ಅಂತ ಕೇಳಿದರು. ವಿಚಾರಣೆ ಎದುರಿಸುವ ಶಿಕ್ಷಕರ ಪಕ್ಕದಲ್ಲೇ, ಮೊಣಕೈ ತಾಗುವಷ್ಟು ಹತ್ತಿರ ಎಂದೆ. ಜಾಸ್ತಿ ಮಾತಾಡಿದರೆ ಮೆಲ್ಲಗೆ ತಟ್ಟಲು ಅನುಕೂಲ. ಪೆನ್ನು ಎರಡು ಇಟ್ಟುಕೊಳ್ಳಿ ಅಂತಲೂ ಹೇಳಿದೆ.