ಬಿಸಿ ಅನಿಲವೇ ಕಪ್ಪುದ್ರವ್ಯವಲ್ಲ: ಒಂದು ಸ್ಪಷ್ಟನೆ

ಗೆಲಾಕ್ಸಿ ಗುಚ್ಛಗಳಲ್ಲಿ (ಗುರುತ್ವದಿಂದ ಒಟ್ಟಾಗಿರುವ ಗೆಲಾಕ್ಸಿಗಳ ಗುಂಪುಗಳಲ್ಲಿ) ಕ್ಷ-ಕಿರಣ ಸೂಸುವ ಬಿಸಿ ಅನಿಲ ಸಿಕ್ಕಿರುವುದರಿಂದ, 1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಕೋಮಾ ಗುಚ್ಛದಲ್ಲಿ ಗುರುತಿಸಿದ ಕಾಣದ ದ್ರವ್ಯರಾಶಿಯ, ಅಂದರೆ ಬೆಳಕು ಸೂಸದೆ ತನ್ನ ಗುರುತ್ವದಿಂದಷ್ಟೇ ತಿಳಿದುಬರುವ ಕಪ್ಪುದ್ರವ್ಯದ, ಲೆಕ್ಕ ಪೂರ್ತಿಯಾಯಿತು ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ದೊಡ್ಡ ಗುಚ್ಛಗಳಲ್ಲಿ ಈ ಅನಿಲದ ರಾಶಿ ನಕ್ಷತ್ರಗಳೆಲ್ಲದರ ಒಟ್ಟು ರಾಶಿಗಿಂತ ಹಲವು ಪಟ್ಟು ಹೆಚ್ಚೆಂಬುದು ನಿಜ, ಅದು ಸಣ್ಣ ಸಂಗತಿಯೇನಲ್ಲ. ಆದರೂ ಗುಚ್ಛದ ಒಟ್ಟು ರಾಶಿಯಲ್ಲಿ ಅದರ ಪಾಲು ಸುಮಾರು ಶೇ 10ರಿಂದ 15 ಮಾತ್ರ. ವಾಸ್ತವದಲ್ಲಿ ಕಪ್ಪುದ್ರವ್ಯದ ಪರವಾಗಿ ಸಾಕ್ಷಿ ನುಡಿಯುವುದು ಈ ಅನಿಲವೇ: ಕೋಟಿಗಟ್ಟಲೆ ಡಿಗ್ರಿ ಕಾದಿರುವ ಅದು ತನ್ನ ಒತ್ತಡದಿಂದಲೇ ಚದುರಿಹೋಗದೆ ಗುಚ್ಛದೊಳಗೆ ಉಳಿದಿರಬೇಕಾದರೆ, ನಕ್ಷತ್ರಗಳೂ ಅನಿಲವೂ ಕೂಡಿ ಒದಗಿಸಬಲ್ಲದ್ದಕ್ಕಿಂತ ಹಲವು ಪಟ್ಟು ಹೆಚ್ಚಿನ ಗುರುತ್ವ ಅಲ್ಲಿರಲೇಬೇಕು. ಅನಿಲದ ತಾಪ ಮತ್ತು ಸಾಂದ್ರತೆ ಕೇಂದ್ರದಿಂದ ಹೊರಕ್ಕೆ ಹೇಗೆ ಬದಲಾಗುತ್ತವೆಂದು ಅಳೆದು ಗುಚ್ಛದ ರಾಶಿಯನ್ನು ಲೆಕ್ಕಹಾಕುವುದು ಈ ತತ್ತ್ವದ ಮೇಲೆಯೇ.