ನಿಧಾನ ನಿಜ, ಬೋರ್ ಅಲ್ಲ

ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಮುಂದೆ ಜಪಾನಿನ ನಿರ್ದೇಶಕ ಓಜು ಬರೀ ಬೋರು, ಅವರ 'ಟೋಕಿಯೊ ಸ್ಟೋರಿ'ಯಲ್ಲಿ (1953) ಏನೂ ನಡೆಯಲ್ಲ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಸರ್, ಊರಿಂದ ಬಂದ ಅಪ್ಪ ಅಮ್ಮನನ್ನು ಮಕ್ಕಳು ಅತಾಮಿ ಅನ್ನೋ ಬಿಸಿನೀರ ಬುಗ್ಗೆಗಳ ಪ್ರವಾಸಿ ಊರಿಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗಲಾಟೆ, ಮುದುಕರಿಗೆ ನಿದ್ದೆಯಿಲ್ಲ. ಆದರೂ ಒಂದು ಜೋರು ಮಾತಿಲ್ಲ. ಇದು ಏನೂ ನಡೆಯದಿರೋದಾ? ಕ್ಯಾಮೆರಾ ಕೂಡ ನೆಲದ ಮೇಲೆ ಕೂತವರ ಹಾಗೆ ಕೆಳಗೇ ಇದ್ದು ಸುಮ್ನೆ ನೋಡುತ್ತದೆ.

ಬರ್ಗ್‌ಮನ್‌ರ 'ವೈಲ್ಡ್ ಸ್ಟ್ರಾಬೆರೀಸ್' (1957) ಕೂಡ ಮುಪ್ಪಿನ ಕಥೆಯೇ ಅಲ್ವಾ? ಎರಡರಲ್ಲೂ ಸೊಸೆಯ ಪಾತ್ರವೇ ಗಟ್ಟಿ. ಅಲ್ಲಿ ಅವಳು ಕಾರಿನಲ್ಲಿ ಕೂತು ಮಾವನಿಗೆ ನೀವು ಸ್ವಾರ್ಥಿ ಅಂತ ಮುಖಕ್ಕೇ ಹೇಳುತ್ತಾಳೆ. ಓಜು ಚಿತ್ರದಲ್ಲಿ ವಿಧವೆ ಸೊಸೆ ನೊರಿಕೊ ರಜೆ ಹಾಕಿ ಅತ್ತೆ ಮಾವನಿಗೆ ಟೋಕಿಯೊ ತೋರಿಸುತ್ತಾಳೆ. ಸ್ವೀಡನ್ನಿನ ಚಿತ್ರವೂ ನನಗೆ ಇಷ್ಟವೇ. ಆದರೆ ಅದರಲ್ಲಿ ಮುದುಕ ಕಾಣುವ, ಮುಳ್ಳಿಲ್ಲದ ಗಡಿಯಾರದ ಆ ಕನಸು ಸ್ವಲ್ಪ ಜಾಸ್ತಿಯಾಯಿತು.